ಚಿನಕುರಳಿಯಿಂದ ಚಿಲಿವರೆಗೆ: ಊರಿನ ಬೊಜ್ಜು ಇಳಿಸುವ ದಾರಿಗಳು (ಮುಖ್ಯಾಂಶಗಳು)

ಕೆಎಎಸ್, ಪಿಡಿಒ, ಸ್ಟಾಫ್ ನರ್ಸ್, ಆರೋಗ್ಯ ನಿರೀಕ್ಷಣಾಧಿಕಾರಿ, ಯಾವ ಪರೀಕ್ಷೆಯಾದರೂ ಬೊಜ್ಜಿನ ಪ್ರಶ್ನೆ ಎರಡು ಬಗೆಯಲ್ಲಿ ಬರುತ್ತದೆ. ಒಂದು, ಅಂಕಿ ಮತ್ತು ಇಸವಿ ಕೇಳುವ ಬಹು ಆಯ್ಕೆಯ ಪ್ರಶ್ನೆ. ಇನ್ನೊಂದು, ಸ್ಥೂಲಕಾಯ ತಡೆಗೆ ಸರ್ಕಾರ ಏನು ಮಾಡಬಹುದು ಎಂಬ ವಿವರಣೆಯ ಪ್ರಶ್ನೆ. ಅಂಕ ಸೋರಿಹೋಗುವುದು ಎರಡನೆಯದರಲ್ಲೇ. ಎಣ್ಣೆ ಕಡಿಮೆ ಮಾಡಿ, ಬೆಳಿಗ್ಗೆ ಎದ್ದು ವಾಕಿಂಗ್ ಹೋಗಿ ಎಂದು ಡಾಕ್ಟರು ರೋಗಿಗೆ ಹೇಳುವ ಮಾತನ್ನೇ ಎರಡು ಪುಟ ಬರೆದು ಬರುವವರು ಬಹಳ. ಪ್ರಶ್ನೆಯಲ್ಲಿ ಕೇಳಿರುವುದು ಇಡೀ ಊರಿನ ಸರಾಸರಿ ತೂಕ ಇಳಿಯುವುದು ಹೇಗೆ ಎಂದು. ಆದ್ದರಿಂದ ಇಲ್ಲಿ ಪಾಂಡವಪುರ ತಾಲ್ಲೂಕಿನ ಚಿನಕುರಳಿ ಹೋಬಳಿಯನ್ನು ಮುಂದಿಟ್ಟುಕೊಂಡೇ ಓದೋಣ. ಶ್ರೀರಂಗಪಟ್ಟಣ, ಕೆ.ಆರ್.ಪೇಟೆ, ನಾಗಮಂಗಲದವರು ತಮ್ಮ ಊರಿನ ಹೆಸರು ಹಾಕಿಕೊಂಡರೂ ಲೆಕ್ಕ ತಪ್ಪುವುದಿಲ್ಲ.

ಅಳತೆ

• ದೇಹ ತೂಕ ಸೂಚ್ಯಂಕ (ಬಿಎಂಐ): ಕೆ.ಜಿ. ತೂಕವನ್ನು ಮೀಟರ್ ಎತ್ತರದ ವರ್ಗದಿಂದ ಭಾಗಿಸುವುದು. ಸೂತ್ರ ಬೆಲ್ಜಿಯಂನ ಗಣಿತಜ್ಞ ಅಡಾಲ್ಫ್ ಕ್ವೆಟೆಲೆಯದು, 19ನೇ ಶತಮಾನದ್ದು. ಇಂದಿನ ಹೆಸರು ಕೊಟ್ಟವರು ಅಮೆರಿಕದ ಆನ್ಸೆಲ್ ಕೀಸ್, 1972ರಲ್ಲಿ.
• ವಿಶ್ವ ಆರೋಗ್ಯ ಸಂಸ್ಥೆಯ ಗೆರೆ: 25 ಮತ್ತು ಅದಕ್ಕೆ ಮೇಲ್ಪಟ್ಟರೆ ಅಧಿಕ ತೂಕ, 30 ಮತ್ತು ಅದಕ್ಕೆ ಮೇಲ್ಪಟ್ಟರೆ ಬೊಜ್ಜು.
• ಭಾರತೀಯರಿಗೆ 2009ರಲ್ಲಿ ತಜ್ಞರು ಒಮ್ಮತದಿಂದ ಹಾಕಿದ ಗೆರೆ: 23ರಿಂದ 24.9 ಅಧಿಕ ತೂಕ, 25ರಿಂದ ಬೊಜ್ಜು.
• ಸೊಂಟದ ಸುತ್ತಳತೆಯ ಮಿತಿ: ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ.

ಲೆಕ್ಕ ಹಾಕಿ ನೋಡಿ. 160 ಸೆಂ.ಮೀ. ಎತ್ತರದ, 65 ಕೆ.ಜಿ. ತೂಗುವ ರೈತ. 65ನ್ನು 2.56ರಿಂದ ಭಾಗಿಸಿದರೆ 25.4. ವಿಶ್ವ ಆರೋಗ್ಯ ಸಂಸ್ಥೆಯ ಗೆರೆಯಲ್ಲಿ ಈತನಿಗೆ ತೂಕ ತುಸು ಹೆಚ್ಚು, ನಮ್ಮ ಗೆರೆಯಲ್ಲಿ ಬೊಜ್ಜು. 150 ಸೆಂ.ಮೀ. ಎತ್ತರದ, 54 ಕೆ.ಜಿ. ತೂಕದ ಅವನ ಹೆಂಡತಿಯ ಬಿಎಂಐ 24. ಅಲ್ಲಿ ಆಕೆ ಸರಿಯಾಗಿದ್ದಾಳೆ, ಇಲ್ಲಿ ಅಧಿಕ ತೂಕ. ಪ್ರಶ್ನೆಪತ್ರಿಕೆಯಲ್ಲಿ ಯಾರ ಮಾನದಂಡ ಎಂದು ಕೇಳಿದ್ದಾರೆ ಎಂಬುದನ್ನು ಮೊದಲು ಓದಿಕೊಳ್ಳಿ.

ಟೇಪು ಹಿಡಿಯುವ ಜಾಗವೂ ಕೇಳಿಬರಬಹುದು. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಯ ಮೇಲಂಚಿಗೂ ನಟ್ಟನಡುವೆ, ಸಹಜವಾಗಿ ಉಸಿರು ಬಿಟ್ಟ ಮೇಲೆ. ಸೀರೆಯ ನೆರಿಗೆಯ ಮೇಲೆ, ಪಂಚೆಯ ಮಡಿಕೆಯ ಮೇಲೆ ಅಳೆದರೆ ಎರಡು ಮೂರು ಸೆಂ.ಮೀ. ಸುಳ್ಳು ಸೇರುತ್ತದೆ. ಪ್ಯಾಂಟಿನ ಸೈಜು ನಂಬಬೇಡಿ. ಹೊಟ್ಟೆ ಬಂದ ಗಂಡಸು ಪ್ಯಾಂಟನ್ನು ಹೊಟ್ಟೆಯ ಕೆಳಗೆ ಇಳಿಸಿ ಕಟ್ಟುತ್ತಾನೆ, ಸೈಜು 34ರಲ್ಲೇ ಇರುತ್ತದೆ, ಟೇಪು 40 ಇಂಚು ತೋರಿಸುತ್ತದೆ.

ಅಂಕಿ ಅಂಶ

• ಜಗತ್ತು, 2022 (ವಿಶ್ವ ಆರೋಗ್ಯ ಸಂಸ್ಥೆ): ಅಧಿಕ ತೂಕದ ವಯಸ್ಕರು 250 ಕೋಟಿ, ಅವರಲ್ಲಿ ಬೊಜ್ಜಿರುವವರು 89 ಕೋಟಿ.
• ಭಾರತ, ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ–5 (2019–21): ಬಿಎಂಐ 25 ಅಥವಾ ಅದಕ್ಕೆ ಮೇಲ್ಪಟ್ಟ ಹೆಂಗಸರು ಶೇ 24, ಗಂಡಸರು ಶೇ 22.9. ಹಿಂದಿನ ಸಮೀಕ್ಷೆಯಲ್ಲಿ (2015–16) ಶೇ 20.6 ಮತ್ತು 18.9.
• ಕರ್ನಾಟಕ, ಅದೇ ಸಮೀಕ್ಷೆ: ಹೆಂಗಸರು ಶೇ 30.1, ಗಂಡಸರು ಶೇ 30.9. ಹಿಂದೆ ಶೇ 23.3 ಮತ್ತು 22.1. ರಾಜ್ಯ ದೇಶದ ಸರಾಸರಿಗಿಂತ ಮುಂದಿದೆ, ಹೆಮ್ಮೆಪಡುವ ವಿಷಯದಲ್ಲಿ ಅಲ್ಲ.
• ಐಸಿಎಂಆರ್–ಇಂಡಿಯಾಬ್ ಅಧ್ಯಯನ (ಪ್ರಕಟಣೆ 2023): ದೇಶದಲ್ಲಿ 10.1 ಕೋಟಿ ಮಧುಮೇಹಿಗಳು, 25.4 ಕೋಟಿ ಜನರಿಗೆ ಬೊಜ್ಜು, 35.1 ಕೋಟಿ ಜನರಿಗೆ ಹೊಟ್ಟೆಯ ಬೊಜ್ಜು.

ಕೊನೆಯ ಎರಡು ಅಂಕಿಗಳ ಅಂತರವನ್ನು ಗಮನಿಸಿ. ಹೊಟ್ಟೆಯ ಬೊಜ್ಜು ಸುಮಾರು 10 ಕೋಟಿಯಷ್ಟು ಹೆಚ್ಚು. ಅಂದರೆ ತೂಕದ ಯಂತ್ರದ ಮೇಲೆ ಪಾಸಾದವರು ಟೇಪಿನಲ್ಲಿ ಫೇಲಾಗುತ್ತಿದ್ದಾರೆ.

ಇದರ ಜೊತೆಗೇ ನೆನಪಿಡಬೇಕಾದದ್ದು: ಅದೇ ಕರ್ನಾಟಕದಲ್ಲಿ, ಅದೇ ಸಮೀಕ್ಷೆಯಲ್ಲಿ, 5 ವರ್ಷದೊಳಗಿನ ಶೇ 35.4 ಮಕ್ಕಳು ವಯಸ್ಸಿಗೆ ತಕ್ಕ ಎತ್ತರವಿಲ್ಲದೆ ಕುಂಠಿತರಾಗಿದ್ದಾರೆ. ಶೇ 17.2 ಹೆಂಗಸರು ಬೇಕಾದ್ದಕ್ಕಿಂತ ತೆಳ್ಳಗಿದ್ದಾರೆ. ಇದಕ್ಕೆ ಪೌಷ್ಟಿಕತೆಯ ಇಬ್ಬಗೆಯ ಹೊರೆ ಎನ್ನುತ್ತಾರೆ. ಒಂದೇ ಮನೆಯಲ್ಲಿ ತಾಯಿಗೆ ಹೊಟ್ಟೆ, ಮಗು ಪೀಚು ಎಂಬುದನ್ನು ಅಂಗನವಾಡಿ ಕಾರ್ಯಕರ್ತೆಯರು ದಿನವೂ ನೋಡುತ್ತಾರೆ.

ಮೈಸೂರಿನ ಹೆರಿಗೆ ಪುಸ್ತಕ

ಬೊಜ್ಜಿನ ವಿಷಯದಲ್ಲಿ ಜಗತ್ತಿಗೆ ಪಾಠ ಹೇಳಿದ ಒಂದು ಸಂಗತಿ ಪಾಂಡವಪುರದಿಂದ ಒಂದು ತಾಸಿನ ಬಸ್ ದಾರಿಯಲ್ಲಿದೆ. ನಮ್ಮ ಗೈಡ್‌ಗಳಲ್ಲಿ ಇದು ಸಿಗುವುದು ಅಪರೂಪ, ಹಾಗಾಗಿ ಇಲ್ಲಿ ಸ್ವಲ್ಪ ಹೆಚ್ಚೇ ಹೇಳುತ್ತೇನೆ.

ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ, ಊರವರ ಬಾಯಲ್ಲಿ ಮಿಷನ್ ಆಸ್ಪತ್ರೆ. ಅಲ್ಲಿ 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆಯನ್ನು ದಾದಿಯರು ಪುಸ್ತಕದಲ್ಲಿ ಬರೆದಿಟ್ಟಿದ್ದರು. 1990ರ ದಶಕದಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್ನಿನ ಸಂಶೋಧಕರು ಮತ್ತು ಆಸ್ಪತ್ರೆಯ ತಂಡ ಸೇರಿ, ಆ ಮಕ್ಕಳು ನಡುವಯಸ್ಸಿಗೆ ಬಂದಾಗ ಮನೆ ಮನೆ ತಿರುಗಿ ಹುಡುಕಿತು. ಕ್ಯಾರೊಲಿನ್ ಫಾಲ್, ಕೆ. ಕುಮಾರನ್, ಜಿ.ವಿ. ಕೃಷ್ಣವೇಣಿ ಈ ಕೆಲಸದಲ್ಲಿ ನೆನಪಿಡುವ ಹೆಸರುಗಳು.

• 1996ರ ವರದಿ (ಲ್ಯಾನ್ಸೆಟ್ ಪತ್ರಿಕೆ): 517 ಜನರ ಪರೀಕ್ಷೆ. ಹುಟ್ಟುವಾಗ 2.5 ಕೆ.ಜಿ. ಅಥವಾ ಕಡಿಮೆ ಇದ್ದವರಲ್ಲಿ ಶೇ 11 ಮಂದಿಗೆ ಹೃದಯದ ರಕ್ತನಾಳದ ಕಾಯಿಲೆ. 3.1 ಕೆ.ಜಿ. ಅಥವಾ ಹೆಚ್ಚು ಇದ್ದವರಲ್ಲಿ ಶೇ 3.
• 1998ರ ವರದಿ: ಮಧುಮೇಹದ ಕತೆ ಬೇರೆ. ಹುಟ್ಟುವಾಗ ಉದ್ದಕ್ಕೆ ಹೋಲಿಸಿದರೆ ತೂಕ ಹೆಚ್ಚಿದ್ದ, ಅಂದರೆ ಗಿಡ್ಡಗೆ ದುಂಡಗಿದ್ದ ಮಕ್ಕಳಿಗೆ, ದಪ್ಪನೆಯ ತಾಯಂದಿರ ಮಕ್ಕಳಿಗೆ ಮುಂದೆ ಸಕ್ಕರೆ ಕಾಯಿಲೆ ಹೆಚ್ಚು.
• ಪಾರ್ಥೆನಾನ್ ಅಧ್ಯಯನ, 1997–98ರಲ್ಲಿ ಆರಂಭ, ಅದೇ ಆಸ್ಪತ್ರೆ: ಬಸಿರಿನಲ್ಲಿ ಸಕ್ಕರೆ ಏರಿದ ತಾಯಂದಿರ ಮಕ್ಕಳಲ್ಲಿ, ಅದರಲ್ಲೂ ಹೆಣ್ಣುಮಕ್ಕಳಲ್ಲಿ, 5 ವರ್ಷಕ್ಕೇ ಕೊಬ್ಬು ಜಾಸ್ತಿ. ಮೈಸೂರಿನ ಕೂಸುಗಳು ಪಾಶ್ಚಾತ್ಯ ಕೂಸುಗಳಿಗಿಂತ ಚಿಕ್ಕವು, ಆದರೆ ಬೆನ್ನಿನ ಚರ್ಮದಡಿಯ ಕೊಬ್ಬು ಮಾತ್ರ ಕಮ್ಮಿಯಿಲ್ಲ.

ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ 2003ರಲ್ಲಿ ಹೇಳಿದ್ದೂ ಇದನ್ನೇ. ಪುಣೆಯ ಸುತ್ತಲ ಹಳ್ಳಿಗಳ ಮಗುವಿನ ಸರಾಸರಿ ತೂಕ 2.7 ಕೆ.ಜಿ., ಸೌತಾಂಪ್ಟನ್ನಿನದು 3.5 ಕೆ.ಜಿ. ತೂಕದಲ್ಲಿ ಹಿಂದೆ ಬಿದ್ದರೂ ಕೊಬ್ಬಿನಲ್ಲಿ ಅಷ್ಟು ಹಿಂದಿಲ್ಲ. ಕಡಿಮೆಯಾಗಿರುವುದು ಮಾಂಸಖಂಡ. ಪಠ್ಯದಲ್ಲಿ ಇದಕ್ಕೆ 'ತೆಳು–ಕೊಬ್ಬು' ಮೈಕಟ್ಟು ಎಂದು ಹೆಸರು. ಭಾರತಕ್ಕೆ ಬಿಎಂಐ ಗೆರೆ ಯಾಕೆ ಕೆಳಗಿಳಿಯಿತು ಎಂಬ ಪ್ರಶ್ನೆಗೆ ಉತ್ತರ ಇಲ್ಲಿದೆ: ಕಡಿಮೆ ತೂಕದಲ್ಲೇ ಕೊಬ್ಬು ಹೆಚ್ಚು, ಕಾಯಿಲೆ ಬೇಗ.

ಆಡಳಿತಕ್ಕೆ ಇದರಿಂದ ಸಿಗುವ ಸೂಚನೆ ನೇರವಾಗಿದೆ. ಬೊಜ್ಜು ತಡೆಯುವ ಕೆಲಸ ಜಿಮ್ಮಿನಲ್ಲಿ ಶುರುವಾಗುವುದಿಲ್ಲ. ಹದಿಹರೆಯದ ಹುಡುಗಿಯ ರಕ್ತಹೀನತೆ, ಬಾಲ್ಯವಿವಾಹ, ಬಸುರಿಯ ಊಟ, ಬಸಿರಿನಲ್ಲಿ ಸಕ್ಕರೆ ಪರೀಕ್ಷೆ, ಮೊದಲ 6 ತಿಂಗಳು ಎದೆಹಾಲು, ಇವೆಲ್ಲ ಬೊಜ್ಜಿನ ಕಾರ್ಯಕ್ರಮಗಳೇ. ತಾಯಿ ಕಾರ್ಡು ಮಾಡಿಸುವ ದಿನದಿಂದಲೇ ಬರೆದರೆ ಉತ್ತರಕ್ಕೆ ತೂಕ ಬರುತ್ತದೆ.

ಸಿದ್ಧಾಂತ: ಎರಡು ಹೆಸರು ಸಾಕು

ಜೆಫ್ರಿ ರೋಸ್, ಬ್ರಿಟನ್, 1985. ತಡೆಗಟ್ಟುವ ಕೆಲಸಕ್ಕೆ ಎರಡು ದಾರಿ ಎಂದರು. ಅಪಾಯದ ಅಂಚಿನಲ್ಲಿರುವವರನ್ನು ಹುಡುಕಿ ಚಿಕಿತ್ಸೆ ಕೊಡುವುದು ಒಂದು. ಇಡೀ ಸಮುದಾಯದ ಸರಾಸರಿಯನ್ನೇ ಕೊಂಚ ಸರಿಸುವುದು ಇನ್ನೊಂದು. ಹೋಬಳಿಯಲ್ಲಿ 100 ಕೆ.ಜಿ. ದಾಟಿದ ಕೆಲವರ ತೂಕ 20 ಕೆ.ಜಿ. ಇಳಿಸಿದರೆ ಆ ಕೆಲವರಿಗೆ ಲಾಭ. ಎಲ್ಲರ ತೂಕ 2 ಕೆ.ಜಿ. ಇಳಿದರೆ ಹೋಬಳಿಯ ಸಕ್ಕರೆ ಕಾಯಿಲೆ, ಬಿ.ಪಿ. ಎರಡೂ ಇಳಿಯುತ್ತವೆ, ಏಕೆಂದರೆ ಹೆಚ್ಚಿನ ರೋಗಿಗಳು ಬರುವುದು ಮಧ್ಯದ ದೊಡ್ಡ ಗುಂಪಿನಿಂದ. ಆದರೆ ಹಾಗೆ ಇಳಿದ ಒಬ್ಬೊಬ್ಬರಿಗೂ ತನಗೇನು ಲಾಭವಾಯಿತೆಂದು ಕಾಣುವುದಿಲ್ಲ. ಇದೇ 'ತಡೆಗಟ್ಟುವಿಕೆಯ ವಿರೋಧಾಭಾಸ'. ರಾಜಕಾರಣಿಗೆ ಇದರಿಂದ ಓಟು ಬರುವುದಿಲ್ಲ, ನೀತಿ ಹಿಂದೆ ಬೀಳುವುದಕ್ಕೆ ಅದೂ ಒಂದು ಕಾರಣ ಎಂಬುದು ನನ್ನ ಅನಿಸಿಕೆ.

ಬಾಯ್ಡ್ ಸ್ವಿನ್‌ಬರ್ನ್ ಮತ್ತು ಸಂಗಡಿಗರು, 1999. ಬೊಜ್ಜು ತರುವ ಪರಿಸರವನ್ನು ನಾಲ್ಕು ಭಾಗ ಮಾಡಿದರು: ಭೌತಿಕ, ಆರ್ಥಿಕ, ರಾಜಕೀಯ, ಸಾಮಾಜಿಕ–ಸಾಂಸ್ಕೃತಿಕ. ಇದನ್ನು ಚಿನಕುರಳಿಗೆ ಹಚ್ಚಿ ನೋಡಿದರೆ ಪುಸ್ತಕದ ಮಾತು ಬೀದಿಗೆ ಬರುತ್ತದೆ.

ಭೌತಿಕ: ಎತ್ತು ಹೋಗಿ ಟಿಲ್ಲರ್, ಟ್ರ್ಯಾಕ್ಟರ್ ಬಂದಿದೆ. ಗದ್ದೆಗೆ ನೀರು ಕಟ್ಟಲು ಹೋಗುವುದೂ ಬೈಕಿನಲ್ಲಿ. ಬೇಬಿಬೆಟ್ಟ, ಕುಂತಿಬೆಟ್ಟ, ತೊಣ್ಣೂರು ಕೆರೆ ಇರುವ ತಾಲ್ಲೂಕಿನಲ್ಲಿ ನಡೆಯಲು ಜಾಗವಿಲ್ಲ ಎನ್ನುವಂತಿಲ್ಲ. ಆದರೆ ಹೆದ್ದಾರಿಯ ಅಂಚಿನಲ್ಲಿ ಕಾಲುದಾರಿ, ಸಂಜೆ ಹೆಂಗಸರು ನಿರ್ಭಯವಾಗಿ ನಡೆಯುವಷ್ಟು ಬೀದಿದೀಪ ಇದ್ದರೆ ಮಾತ್ರ ಅದು ದಿನದ ರೂಢಿಯಾಗುತ್ತದೆ. ಇದು ಗ್ರಾಮ ಪಂಚಾಯಿತಿಯ ಕೈಯಲ್ಲಿರುವ ಕೆಲಸ. ಪಿಡಿಒ ಪರೀಕ್ಷೆಯವರು ಮರೆಯದೆ ಬರೆಯಿರಿ.

ಆರ್ಥಿಕ: 5 ರೂಪಾಯಿ, 10 ರೂಪಾಯಿಯ ಕುರುಕಲು ಪ್ಯಾಕೆಟ್ಟುಗಳು ಪ್ರತಿ ಚಿಲ್ಲರೆ ಅಂಗಡಿಯ ಬಾಗಿಲಲ್ಲಿ ಸರಮಾಲೆಯಾಗಿ ನೇತಾಡುತ್ತವೆ. ಅಷ್ಟು ದುಡ್ಡಿಗೆ ಒಂದು ಸೇಬು ಬರುವುದಿಲ್ಲ. ಮಗುವಿಗೆ ಬುದ್ಧಿ ಹೇಳಿ ಪ್ರಯೋಜನವಿಲ್ಲ, ಅದು ದುಡ್ಡಿನ ಲೆಕ್ಕ ಸರಿಯಾಗಿಯೇ ಹಾಕಿದೆ.

ರಾಜಕೀಯ: ಮಂಡ್ಯ ಸಕ್ಕರೆಯ ಜಿಲ್ಲೆ. ಮೈಷುಗರ್ ಕಾರ್ಖಾನೆ ಶುರುವಾದದ್ದು 1933ರಲ್ಲಿ. ಪಾಂಡವಪುರದಲ್ಲಿ ಸಹಕಾರಿ ಸಕ್ಕರೆ ಕಾರ್ಖಾನೆ, ಊರೂರಿಗೆ ಆಲೆಮನೆ. ಸಕ್ಕರೆ ಕಡಿಮೆ ತಿನ್ನಿ ಎಂಬ ಆರೋಗ್ಯ ಇಲಾಖೆಯ ಮಾತು ಕಬ್ಬಿನ ಬೆಲೆಗೆ ಹೋರಾಡುವ ರೈತನ ಕಿವಿಗೆ ಹೇಗೆ ಕೇಳಿಸುತ್ತದೆ ಎಂಬುದನ್ನು ನೀತಿ ಬರೆಯುವವರು ಯೋಚಿಸಲೇಬೇಕು. ಇನ್ನೊಂದು ಮಾತು, ಬೆಲ್ಲ ತಿಂದರೆ ದಪ್ಪಗಾಗುವುದಿಲ್ಲ ಎಂಬುದು ಬರೀ ಸಮಾಧಾನ. ಬೆಲ್ಲಕ್ಕೂ ಸಕ್ಕರೆಗೂ ಕ್ಯಾಲೊರಿಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ.

ಸಾಂಸ್ಕೃತಿಕ: ಮಗ ದಪ್ಪಗಾದರೆ 'ಮೈಕೈ ತುಂಬಿಕೊಂಡಿದ್ದಾನೆ' ಎಂದು ಮೆಚ್ಚುತ್ತಾರೆ. ನಾಲ್ಕು ಕೆ.ಜಿ. ಇಳಿದರೆ 'ಯಾಕಪ್ಪಾ ಸೊರಗಿದ್ದೀಯಾ' ಎಂದು ಮರುಗುತ್ತಾರೆ. ಬೀಗರೂಟದಲ್ಲಿ ಬೇಡ ಎಂದರೆ ಬಡಿಸುವವರಿಗೆ ಅವಮಾನ.

ರಾಗಿಯ ಬಗ್ಗೆ ಒಂದು ಮಾತು. ಮಂಡ್ಯದ ವಿ.ಸಿ. ಫಾರಂನಲ್ಲಿ ಭಾರತದ ಮತ್ತು ಆಫ್ರಿಕದ ರಾಗಿ ಕೂಡಿಸಿ 'ಇಂಡಾಫ್' ತಳಿಗಳನ್ನು ತಂದವರು ಡಾ. ಲಕ್ಷ್ಮಣಯ್ಯ. ಈ ಪ್ರಶ್ನೆ ಬರುತ್ತಿರುತ್ತದೆ. 100 ಗ್ರಾಂ ರಾಗಿಯಲ್ಲಿ 300 ಮಿ.ಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ, ನಾರು ಅಕ್ಕಿಗಿಂತ ಹೆಚ್ಚು. ಹಾಗೆಂದು ರಾಗಿಯನ್ನು ತೂಕ ಇಳಿಸುವ ಔಷಧಿ ಎಂದು ಬರೆಯಬೇಡಿ, ಕ್ಯಾಲೊರಿಯಲ್ಲಿ ಅದು ಅಕ್ಕಿಗೆ ಹತ್ತಿರವೇ. ಹೊಲದಲ್ಲಿ ಇಡೀ ದಿನ ದುಡಿದವನ ಮುದ್ದೆಯ ಗಾತ್ರ ಕುರ್ಚಿಯಲ್ಲಿ ಕೂತವನ ತಟ್ಟೆಯಲ್ಲೂ ಹಾಗೆಯೇ ಉಳಿದುಬಿಟ್ಟಿದೆ, ತೊಂದರೆ ಅದು. ಜೊತೆಗೆ ಸೊಪ್ಪು, ಹುರುಳಿ, ಅವರೆಯ ಬಸ್ಸಾರು ತಟ್ಟೆಯಲ್ಲಿ ಕಿರಿದಾಗಿದೆ.

ಬೆಲೆ ಮತ್ತು ತೆರಿಗೆ

• ಮೆಕ್ಸಿಕೊ: 2014ರ ಜನವರಿ 1ರಿಂದ ಸಿಹಿ ಪಾನೀಯಕ್ಕೆ ಲೀಟರಿಗೆ 1 ಪೆಸೊ ತೆರಿಗೆ ಶುರುವಾಯಿತು. ಮೊದಲ ವರ್ಷ ಖರೀದಿ ಸರಾಸರಿ ಶೇ 6ರಷ್ಟು ಇಳಿಯಿತು.
• ಬ್ರಿಟನ್: 2018ರ ಏಪ್ರಿಲ್. ಸಕ್ಕರೆಯ ಪ್ರಮಾಣಕ್ಕೆ ತಕ್ಕಂತೆ ಎರಡು ಹಂತದ ತೆರಿಗೆ. 100 ಮಿ.ಲೀ.ಗೆ 5 ಗ್ರಾಂ ಮುಟ್ಟಿದರೆ ಒಂದು ದರ, 8 ಗ್ರಾಂ ಮುಟ್ಟಿದರೆ ಇನ್ನೂ ಹೆಚ್ಚು. ತೆರಿಗೆ ತಪ್ಪಿಸಿಕೊಳ್ಳಲು ಕಂಪನಿಗಳೇ ಸಕ್ಕರೆ ಇಳಿಸಿದವು. ಒಳ್ಳೆಯ ತೆರಿಗೆಗೆ ಮಾದರಿ ಎಂದು ಇದನ್ನೇ ಬರೆಯಿರಿ.
• ಡೆನ್ಮಾರ್ಕ್: 2011ರ ಅಕ್ಟೋಬರಿನಲ್ಲಿ ಕೊಬ್ಬಿನ ತೆರಿಗೆ, 2013ರ ಜನವರಿಯಲ್ಲಿ ರದ್ದು. ಜನ ಗಡಿ ದಾಟಿ ಹೋಗಿ ಕೊಳ್ಳತೊಡಗಿದ್ದರು.
• ಕೇರಳ: 2016ರಲ್ಲಿ ಹಣಕಾಸು ಸಚಿವ ಥಾಮಸ್ ಐಸಾಕ್ ಬ್ರ್ಯಾಂಡೆಡ್ ರೆಸ್ಟೊರೆಂಟುಗಳ ಬರ್ಗರ್, ಪಿಜ್ಜಾ ಮುಂತಾದವಕ್ಕೆ ಶೇ 14.5 'ಕೊಬ್ಬಿನ ತೆರಿಗೆ' ಹಾಕಿದರು. ದೇಶದಲ್ಲಿ ಮೊದಲನೆಯದು. 2017ರ ಜುಲೈ 1ಕ್ಕೆ ಜಿಎಸ್‌ಟಿ ಬಂದು ಅದು ಮುಗಿಯಿತು. ಕಾಸರಗೋಡಿನ ಹೋಟೆಲಿನ ಪರೋಟಾ, ಬೇಕರಿಯ ಪಫ್ಸ್ ಈ ತೆರಿಗೆಯ ಹೊರಗೇ ಉಳಿದಿದ್ದವು. ಸುದ್ದಿಯಾದಷ್ಟು ಕೆಲಸವಾಗಲಿಲ್ಲ.
• ಭಾರತ: ಗ್ಯಾಸು ತುಂಬಿದ ತಂಪು ಪಾನೀಯಕ್ಕೆ ಮೊದಲು ಶೇ 28 ಜಿಎಸ್‌ಟಿ ಮತ್ತು ಶೇ 12 ಸೆಸ್ ಇತ್ತು. 2025ರ ಸೆಪ್ಟೆಂಬರ್ 22ರಿಂದ ಒಂದೇ ದರ, ಶೇ 40.

ವಿಮರ್ಶೆ ಬೇಕಾದರೆ ಹೀಗೆ ಬರೆಯಿರಿ: ನಮ್ಮ ಶೇ 40 ಸಕ್ಕರೆ ಇಲ್ಲದ ಡಯಟ್ ಪಾನೀಯಕ್ಕೂ ಒಂದೇ. ಸಕ್ಕರೆ ಇಳಿಸಿದ ಕಂಪನಿಗೆ ಬಹುಮಾನವಿಲ್ಲ. ಹಾಗಾಗಿ ಅದು ಬೊಕ್ಕಸದ ತೆರಿಗೆ, ಇನ್ನೂ ಆರೋಗ್ಯದ ತೆರಿಗೆಯಾಗಿಲ್ಲ.

ಲೇಬಲ್, ಶಾಲೆ, ಎಣ್ಣೆ

• ಚಿಲಿ, 2016ರ ಜೂನ್: ಸಕ್ಕರೆ, ಉಪ್ಪು, ಕೊಬ್ಬು, ಕ್ಯಾಲೊರಿ ಮಿತಿ ಮೀರಿದ ಪೊಟ್ಟಣಕ್ಕೆ ಕಪ್ಪು ಅಷ್ಟಭುಜದ ಎಚ್ಚರಿಕೆ. ಮಕ್ಕಳನ್ನು ಸೆಳೆಯುವ ಕಾರ್ಟೂನಿಗೂ ತಡೆ.
• ಭಾರತ, 2022ರ ಸೆಪ್ಟೆಂಬರ್: ಆಹಾರ ಸುರಕ್ಷತೆ ಪ್ರಾಧಿಕಾರ (ಎಫ್‌ಎಸ್‌ಎಸ್‌ಎಐ) ಪೊಟ್ಟಣದ ಮುಂದೆ ನಕ್ಷತ್ರಗಳ ರೇಟಿಂಗ್ ಹಾಕುವ ಕರಡು ಹೊರಡಿಸಿತು. ಎಚ್ಚರಿಕೆಗೆ ನಕ್ಷತ್ರ ಸೂಕ್ತವಲ್ಲ ಎಂದು ಆರೋಗ್ಯ ತಜ್ಞರು ವಿರೋಧಿಸಿದರು. ಅರ್ಧ ನಕ್ಷತ್ರದ ಬಿಸ್ಕತ್ತು ಕೂಡ ಬಹುಮಾನ ಗೆದ್ದಂತೆ ಕಾಣುತ್ತದೆ, ಅವರ ಮಾತಿನಲ್ಲಿ ಹುರುಳಿದೆ.
• ಟ್ರಾನ್ಸ್ ಕೊಬ್ಬು: 2021ರಲ್ಲಿ ಶೇ 3ರ ಮಿತಿ, 2022ರ ಜನವರಿಯಿಂದ ಶೇ 2. ಯಾರಿಗೂ ಉಪದೇಶ ಮಾಡದೆ ಎಲ್ಲರ ತಟ್ಟೆ ಬದಲಿಸಿದ ಕ್ರಮ. ಇದರ ಮುಖ್ಯ ಲಾಭ ಹೃದಯಕ್ಕೆ.
• ಶಾಲೆ: ಎಫ್‌ಎಸ್‌ಎಸ್‌ಎಐ 2020ರ ನಿಯಮದಂತೆ ಕೊಬ್ಬು, ಉಪ್ಪು, ಸಕ್ಕರೆ ಹೆಚ್ಚಿರುವ ತಿನಿಸನ್ನು ಶಾಲೆಯೊಳಗೂ ಗೇಟಿನಿಂದ 50 ಮೀಟರ್ ಒಳಗೂ ಮಾರುವಂತಿಲ್ಲ. ತಂಬಾಕಿಗೆ ಮಿತಿ 100 ಗಜ. ಎರಡನ್ನೂ ಒಂದೇ ಪ್ರಶ್ನೆಯಲ್ಲಿಟ್ಟು ಗೊಂದಲ ಮಾಡುತ್ತಾರೆ.
• ಸಿಬಿಎಸ್‌ಇ, 2025ರ ಮೇ: ಶಾಲೆಗಳಲ್ಲಿ ಸಕ್ಕರೆಯ ಅಪಾಯ ತಿಳಿಸುವ 'ಸಕ್ಕರೆ ಫಲಕ' ಹಾಕಲು ಸೂಚನೆ.
• ಕರ್ನಾಟಕ: ಕ್ಷೀರಭಾಗ್ಯ 2013ರ ಆಗಸ್ಟ್ 1. ಶಾಲೆಯಲ್ಲಿ ರಾಗಿ ಮಾಲ್ಟ್ 2024ರ ಫೆಬ್ರುವರಿ. ಬಿಸಿಯೂಟದ ಜೊತೆ ಮೊಟ್ಟೆ ಅಥವಾ ಬಾಳೆಹಣ್ಣು. ಮೊದಲಿದ್ದ ಶೇಂಗಾ ಚಿಕ್ಕಿಯನ್ನು ಸಕ್ಕರೆ, ಕೊಬ್ಬಿನ ಕಾರಣ ಕೊಟ್ಟು 2025ರಲ್ಲಿ ಕೈಬಿಡಲಾಯಿತು.
• ಮಿತಿಗಳು: ಸಕ್ಕರೆ ದಿನಕ್ಕೆ 25 ಗ್ರಾಂ ಒಳಗೆ, ಉಪ್ಪು 5 ಗ್ರಾಂ ಒಳಗೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಹೊಸ ಆಹಾರ ಮಾರ್ಗಸೂಚಿ 2024ರ ಮೇ, ಒಟ್ಟು 17 ಸೂತ್ರ.
• ವ್ಯಾಯಾಮ: ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷ, ಮಕ್ಕಳಿಗೆ ದಿನಕ್ಕೆ 60 ನಿಮಿಷ.

ಮನೆ ಬಾಗಿಲ ತಪಾಸಣೆ

ಆಶಾ ಕಾರ್ಯಕರ್ತೆಯರು 30 ದಾಟಿದವರಿಗೆ ತುಂಬಿಸುವ 'ಸಿಬ್ಯಾಕ್' ಫಾರಂ ನೋಡಿದ್ದೀರಾ? ಅಪಾಯಕ್ಕೆ ಅಂಕ ಹಾಕುವ ಹಾಳೆ ಅದು. ಉದಾಹರಣೆಗೆ, ಅಂಗಡಿ ನಡೆಸುವ 46 ವರ್ಷದ ಹೆಂಗಸು. ವಯಸ್ಸಿಗೆ 2 ಅಂಕ. ಸೊಂಟ 92 ಸೆಂ.ಮೀ., 90 ದಾಟಿದ್ದರಿಂದ 2 (81ರಿಂದ 90 ಇದ್ದಿದ್ದರೆ 1). ವಾರಕ್ಕೆ 150 ನಿಮಿಷದ ನಡಿಗೆ ಇಲ್ಲ, 1. ಹೊಗೆಸೊಪ್ಪು, ಕುಡಿತ ಇಲ್ಲ, ಮನೆತನದಲ್ಲಿ ಕಾಯಿಲೆ ಇಲ್ಲ. ಒಟ್ಟು 5. 4 ದಾಟಿದ್ದರಿಂದ ಮೊದಲ ಆದ್ಯತೆಯಲ್ಲಿ ತಪಾಸಣೆಗೆ ಕಳಿಸಬೇಕು. ತೂಕವನ್ನು ಈ ಹಾಳೆ ಕೇಳುವುದೇ ಇಲ್ಲ, ಕೇಳುವುದು ಸೊಂಟ.

• ರಾಷ್ಟ್ರೀಯ ಅಸಾಂಕ್ರಾಮಿಕ ರೋಗ ಕಾರ್ಯಕ್ರಮ: ಆರಂಭ 2010, ಹೆಸರು ಬದಲು 2023.
• ಆರೋಗ್ಯ ಮತ್ತು ಕ್ಷೇಮ ಕೇಂದ್ರ: 2018. ಈಗಿನ ಹೆಸರು ಆಯುಷ್ಮಾನ್ ಆರೋಗ್ಯ ಮಂದಿರ.
• ಕರ್ನಾಟಕದ ಗೃಹ ಆರೋಗ್ಯ ಯೋಜನೆ: 2024ರ ಅಕ್ಟೋಬರ್, ಕೋಲಾರದಲ್ಲಿ ಚಾಲನೆ.
• ಪೋಷಣ್ ಅಭಿಯಾನ: 2018ರ ಮಾರ್ಚ್ 8. ಫಿಟ್ ಇಂಡಿಯಾ: 2019ರ ಆಗಸ್ಟ್ 29. ವಿಶ್ವ ಬೊಜ್ಜು ದಿನ: ಮಾರ್ಚ್ 4.
• 2025ರ ಫೆಬ್ರುವರಿ 23ರ 'ಮನ್ ಕಿ ಬಾತ್': ಅಡುಗೆ ಎಣ್ಣೆ ಶೇ 10 ಕಡಿತಕ್ಕೆ ಪ್ರಧಾನಿ ಕರೆ. ಮರುದಿನ ಹೆಸರಿಸಿದ 10 ಮಂದಿಯಲ್ಲಿ ಕರ್ನಾಟಕದ ನಂದನ್ ನಿಲೇಕಣಿ, ಸುಧಾ ಮೂರ್ತಿ ಇದ್ದರು.

ತಪಾಸಣೆ ರೋಸ್ ಹೇಳಿದ ಮೊದಲ ದಾರಿ, ತೆರಿಗೆ ಮತ್ತು ಲೇಬಲ್ ಎರಡನೆಯದು. ಉತ್ತರದಲ್ಲಿ ಎರಡೂ ಇರಲಿ, ಆದರೆ ಒತ್ತು ಎರಡನೆಯದಕ್ಕೆ. 2025ರಲ್ಲಿ ಭಾರತಕ್ಕೆ ಬಂದ ತೂಕ ಇಳಿಸುವ ಇಂಜೆಕ್ಷನ್ನುಗಳ ಬಗ್ಗೆ ಒಂದು ಸಾಲು ಸಾಕು. ಅದು ಚಿಕಿತ್ಸೆ, ತಡೆಗಟ್ಟುವಿಕೆ ಅಲ್ಲ, ಚಿನಕುರಳಿಯ ಕೂಲಿಗೆ ಎಟುಕುವ ಮಾತೂ ಅಲ್ಲ. ದಪ್ಪಗಿರುವವರನ್ನು ಹೀಯಾಳಿಸುವ ಧಾಟಿ ಉತ್ತರದಲ್ಲಿ ಎಲ್ಲೂ ನುಸುಳದಿರಲಿ. ಸಿಂಗಪುರ ದಪ್ಪ ಮಕ್ಕಳನ್ನು ಬೇರೆ ಮಾಡಿ ವ್ಯಾಯಾಮ ಮಾಡಿಸಿದ ಶಾಲಾ ಕಾರ್ಯಕ್ರಮವನ್ನು 1992ರಲ್ಲಿ ಆರಂಭಿಸಿ 2007ರಲ್ಲಿ ಕೈಬಿಟ್ಟಿತು, ಮಕ್ಕಳಿಗೆ ಅಂಟಿದ ಕಳಂಕದ ಟೀಕೆ ಅದರ ಬೆನ್ನಿಗಿತ್ತು.

ಲೈಬ್ರರಿಯಲ್ಲಿ ಬೆಳಿಗ್ಗೆಯಿಂದ ರಾತ್ರಿಯವರೆಗೆ ಕೂತು ಓದುವವರಲ್ಲಿ 30 ದಾಟಿದವರು ಬಹಳ ಮಂದಿ ಇದ್ದೀರಿ. ನಿಮ್ಮ ಊರಿನ ಆಯುಷ್ಮಾನ್ ಆರೋಗ್ಯ ಮಂದಿರದಲ್ಲಿ ಬಿ.ಪಿ., ಶುಗರ್ ಪರೀಕ್ಷೆಗೆ ದುಡ್ಡು ಕೊಡಬೇಕಾಗಿಲ್ಲ. ಪರೀಕ್ಷೆಗೆ ಮುಂಚೆ ಒಮ್ಮೆ ಹೋಗಿ ಬನ್ನಿ, ಸೊಂಟವನ್ನೂ ಅಳೆಸಿಕೊಳ್ಳಿ.